ಫಿನ್ಲೆಂಡಿನ ಕೆರೆ, ಅಕ್ಕನ ಅಟ್ಟ

ಹೆಲ್ಸಿಂಕಿ

ಅಕ್ಕನ ಪೆಟ್ಟಿಗೆಯಲ್ಲಿ ಕಾಫಿಪುಡಿಯ ಪೊಟ್ಟಣ ಒಡೆದಿತ್ತು. ವಿಮಾನ ನಿಲ್ದಾಣದ ಅಧಿಕಾರಿಣಿ ಮುಚ್ಚಳ ಎತ್ತಿದ ಕೂಡಲೇ ಶನಿವಾರಸಂತೆಯ ಅಂಗಡಿಯಲ್ಲಿ ಚಿಕೋರಿ ಬೆರೆಸಿ ಕೊಟ್ಟಿದ್ದ ಪುಡಿಯ ಘಮ ಅಲ್ಲೆಲ್ಲ ಹರಡಿತು. ಸೀರೆ, ಶಾಲು, ನನ್ನ ಬನಿಯನ್ ಎಲ್ಲವೂ ಕಂದು ಬಣ್ಣ. ಕಲ್ಲಿನಂಥ ಮುಖದ ಆ ಹೆಣ್ಣುಮಗಳು ಕೈಗವಸಿನ ಬೆರಳಿಂದ ಒಂದು ಚಿಟಿಕೆ ಎತ್ತಿ ಮೂಸಿದಳು, ನಕ್ಕಳು, ಪೆಟ್ಟಿಗೆ ಮುಚ್ಚಿ, ಹೋಗಿ ಎಂದು ಕೈ ತೋರಿಸಿದಳು.

"ಇವ್ರೂ ಕಾಫಿ ಕುಡಿಯೋರೇ ಕಣೋ" ಎಂದಳು ಅಕ್ಕ. ಭಾವ ಹೋದ ಮೇಲೆ ಅವಳು ತಾನಾಗಿ ಬಾಯಿ ತೆರೆದದ್ದು ಅಪರೂಪ. ಹಾಗಾಗಿ ನನಗೆ ಪುಡಿ ಚೆಲ್ಲಿದ್ದರ ಬೇಜಾರು ಅಲ್ಲೇ ಹೋಯಿತು.

ನಾನು ಶನಿವಾರಸಂತೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ರೈಟರ್ ಅಂದರೆ ಸಾಹಿತಿಯಲ್ಲ. ಲೈನುಮನೆಗಳ ಆಳುಗಳ ಹಾಜರಿ ಹಾಕುವವನು, ಪಿಕಿಂಗ್ ಕಾಲದಲ್ಲಿ ಹಣ್ಣು ತೂಗಿಸಿಕೊಳ್ಳುವವನು. ಎಸ್ಟೇಟಿನ ಸಾಹುಕಾರರ ಬಾಯಿಂದ ಕೇಳಿ ಕೇಳಿ ಒಂದಿಷ್ಟು ಇಂಗ್ಲಿಷ್ ಅಂಟಿಕೊಂಡಿದೆ. ಆ ಹರಕು ಇಂಗ್ಲಿಷಿನ ಪುಣ್ಯದಿಂದಲೇ ಈ ಪ್ರಯಾಣದಲ್ಲಿ ನನಗೊಂದು ಸೀಟು ಸಿಕ್ಕಿದ್ದು. ಅಕ್ಕ ದಾಕ್ಷಾಯಿಣಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅವಳ ಮಗಳು ಸೌಮ್ಯ ಫಿನ್ಲೆಂಡಿನ ಒಂದು ಚಿಕ್ಕ ಊರಿನ ವೃದ್ಧಾಶ್ರಮದಲ್ಲಿ ನರ್ಸು. "ಮಾವ, ನೀವು ಕರ್ಕೊಂಡು ಬಂದ್ರೆ ಮಾತ್ರ ಅವ್ವ ಬತ್ತಾಳೆ. ಒಂದಿಷ್ಟು ದಿನ ಆ ನೀರು ಅವಳ ಕಣ್ಣಿಗೆ ಬೀಳದೆ ಇರ್ಲಿ" ಎಂದು ಫೋನಿನಲ್ಲಿ ಅತ್ತಿದ್ದಳು.

ಸೌಮ್ಯಳ ಊರು

ನೀರು ಕಣ್ಣಿಗೆ ಬೀಳದಿರಲಿ ಎಂದು ಕರೆಸಿಕೊಂಡವಳು ಇರುವ ದೇಶದಲ್ಲಿ ನೆಲಕ್ಕಿಂತ ನೀರೇ ಹೆಚ್ಚು ಅನಿಸುತ್ತದೆ. ರೈಲಿನ ಕಿಟಕಿಯಲ್ಲಿ ಒಂದು ಕೆರೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ನಾವು ಹೋದದ್ದು ಸೆಪ್ಟೆಂಬರಿನಲ್ಲಿ. ಮರಗಳ ಎಲೆ ಹಳದಿಯಾಗಿ ಉದುರುತ್ತಿತ್ತು, ಆಕಾಶ ಇಡೀ ದಿನ ಬೂದಿ ಬಣ್ಣ. ಅಕ್ಕ ಕಿಟಕಿಗೆ ಬೆನ್ನು ಕೊಟ್ಟು ಕೂತಳು.

ಅಲ್ಲಿನವರು ಮಾತಾಡುವುದಿಲ್ಲ. ಬಸ್ಸಿಗೆ ಕಾಯುವವರು ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರೆ, ಮೈಲಿಗೆಯಾದೀತು ಅನ್ನುವ ಹಾಗೆ. ನಮ್ಮ ಕೊಡ್ಲಿಪೇಟೆ ಬಸ್ಸಿಗೆ ಹೀಗೆ ನಿಂತರೆ ಊರು ಸೇರುವುದು ಮರುದಿನವೇ. ಕಾಫಿ ಮಾತ್ರ ಹೊತ್ತಿಲ್ಲ ಗೊತ್ತಿಲ್ಲ, ಕುಡಿದದ್ದೇ ಕುಡಿದದ್ದು. ಸರಿಯಾಗಿ ಹುರಿಯದ, ತೆಳ್ಳಗಿನ, ಹುಳಿ ಹುಳಿ ನೀರು. ಲೋಟ ತೊಳೆದ ನೀರನ್ನು ಇವರು ಬಡಿಸುತ್ತಾರೆಂದು ನಾನು ಗೊಣಗಿದರೆ ಸೌಮ್ಯ ನಗುತ್ತಾಳೆ. ಅಣಬೆಯ ವಿಷಯದಲ್ಲಿ ಮಾತ್ರ ಅವರು ನಮ್ಮವರೇ. ಕಾಡಿನಿಂದ ಬುಟ್ಟಿ ತುಂಬ ತರುತ್ತಾರೆ, ಎಲ್ಲಿ ಸಿಕ್ಕಿತು ಎಂದರೆ ಅತ್ತ ಕಡೆ ಎಂದು ಯಾವುದೋ ದಿಕ್ಕು ತೋರಿಸುತ್ತಾರೆ.

ಭಾವನ ವಿಷಯ ಇಲ್ಲೇ ಹೇಳಿಬಿಡಬೇಕು. ಹಾರಂಗಿ ಹಿನ್ನೀರಿನ ದಡದಲ್ಲಿ ಅವರದೊಂದು ಹೋಮ್‌ಸ್ಟೇ ಇದೆ. ಅಣೆಕಟ್ಟು ಕಟ್ಟಿದ ಮೇಲೆ ಗದ್ದೆಯಿದ್ದ ಜಾಗಕ್ಕೆ ನೀರು ಬಂತು. ನೀರು ಬಂತೇ ಹೊರತು ನಮಗೆ ಈಜು ಬರಲಿಲ್ಲ. ನಾವು ನೇಗಿಲು ಹಿಡಿದವರ ಮಕ್ಕಳು, ಮೊಣಕಾಲುದ್ದದ ನೀರಿಗಿಂತ ಹೆಚ್ಚಿನದು ಕಂಡವರಲ್ಲ. ಆದರೂ ಪ್ರವಾಸಿಗರು ಕೇಳುತ್ತಾರೆಂದು ಭಾವ ಹುಟ್ಟು ಹಾಕುವ ಒಂದು ಫೈಬರ್ ದೋಣಿ ತಂದರು, ಜೊತೆಗೆ ಲೈಫ್ ಜಾಕೆಟ್‌ಗಳನ್ನೂ ತಂದರು. ಅಜಾಗರೂಕರು ಎಂದು ಅವರನ್ನು ಯಾರೂ ಹೇಳುವಂತಿರಲಿಲ್ಲ. ಜಾಕೆಟ್ ಹಾಕದವರನ್ನು ದೋಣಿಗೆ ಹತ್ತಿಸುತ್ತಿರಲಿಲ್ಲ, ತಾವೂ ಹಾಕದೆ ಹತ್ತುತ್ತಿರಲಿಲ್ಲ.

ಹಿಂದಿನದಕ್ಕೆ ಹಿಂದಿನ ದಸರಾ ರಜೆಯಲ್ಲಿ ದೋಣಿ ಹತ್ತಿದ್ದ ಪ್ರವಾಸಿಗರಲ್ಲೊಬ್ಬ ಫೋಟೊಗೆಂದು ದೋಣಿಯಲ್ಲಿ ಎದ್ದು ನಿಂತ. ದೋಣಿ ಮಗುಚಿತು. ಆ ವರ್ಷ ತಂದ ಹೊಸ ಜಾಕೆಟ್‌ಗಳನ್ನು ಭಾವ ಬಂದವರಿಗೆ ಕೊಟ್ಟು, ತಾವು ಹಳೆಯದೊಂದನ್ನು ಹಾಕಿಕೊಂಡಿದ್ದರು. ಮನೆಗೆ ಬಂದವರಿಗೆ ಒಳ್ಳೆಯದು, ಮನೆಯವರಿಗೆ ಉಳಿದದ್ದು. ನಮ್ಮಲ್ಲಿ ಊಟದ ಎಲೆಯಿಂದ ಹಿಡಿದು ಎಲ್ಲದಕ್ಕೂ ಅದೇ ಪದ್ಧತಿ. ಬಂದವರೆಲ್ಲ ತೇಲಿ ಬದುಕಿದರು. ಭಾವ ಜಾಕೆಟ್ಟಿನ ಸಮೇತ ಮುಳುಗಿ ಹೋದರು.

"ಜಾಕೆಟ್ ಹಾಕ್ಕೊಂಡಿದ್ರೂ ಉಳೀಲಿಲ್ಲ ಅಂದ್ರೆ ಆಯಸ್ಸು ಅಷ್ಟೇ ಇತ್ತು ಅಂತ" ಎಂದರು ಊರವರು. ನಾನೂ ಅಂದೆ. ಅಕ್ಕ ಆ ಒಂದು ಮಾತನ್ನು ಹಿಡಿದುಕೊಂಡೇ ಎರಡು ವರ್ಷ ಕಳೆದಿದ್ದಾಳೆ. ಶಿವ ಕರೆದ, ಅವರು ಹೋದರು, ಯಾರದೂ ತಪ್ಪಿಲ್ಲ. ಅನ್ನ ಸೇರದಿದ್ದರೂ ಆ ಮಾತು ಅವಳನ್ನು ನಿಲ್ಲಿಸಿತ್ತು.

ಎರ್ಕಿಯ ಕೆರೆ

ಎರ್ಕಿ ಎಂಬ ಮುದುಕನ ಹೆಂಡತಿ ಸೌಮ್ಯ ಕೆಲಸ ಮಾಡುವ ಆಶ್ರಮದಲ್ಲಿದ್ದಾಳೆ. ಆಕೆಗೆ ಎಲ್ಲ ಮರೆತುಹೋಗಿದೆ, ಗಂಡನೂ. ಸೌಮ್ಯ ಉಣಿಸಿದರೆ ಮಾತ್ರ ಉಣ್ಣುತ್ತಾಳಂತೆ. ತನ್ನ ಹೆಂಡತಿಗೆ ಉಣಿಸುವವಳ ತಾಯಿ ಬಂದಿದ್ದಾಳೆಂದು ಕೇಳಿ ಎರ್ಕಿ ಕೆರೆಯ ದಡದ ತನ್ನ ಮರದ ಮನೆಗೆ ನಮ್ಮನ್ನು ಕರೆದ. ಸೌಮ್ಯ ನಮ್ಮನ್ನು ಅಲ್ಲಿ ಇಳಿಸಿ ಕೆಲಸಕ್ಕೆ ಹೋದಳು. ನಾನು ನನ್ನ ಎಸ್ಟೇಟ್ ಇಂಗ್ಲಿಷ್, ಎರ್ಕಿ ತನ್ನ ಶಾಲೆಯ ಕಾಲದ ಇಂಗ್ಲಿಷ್. ಕುಂಟನಿಗೆ ಕುರುಡ ಸಿಕ್ಕಿದ ಹಾಗೆ ಒಬ್ಬರಿಂದೊಬ್ಬರಿಗೆ ದಾರಿ ಸಾಗಿತು.

ಆಚೆ ದಡದ ಕಾಡಿನಲ್ಲಿ ಅಣಬೆ ಎದ್ದಿದೆ, ದೋಣಿಯಲ್ಲಿ ಹೋಗಿ ತರುತ್ತೇನೆ ಎಂದ. ನಾನು ಬೇಡ ಎಂದು ತಲೆ ಅಲ್ಲಾಡಿಸುವುದರೊಳಗೆ ಅಕ್ಕ ಎದ್ದು ನಿಂತಳು.

"ನಾನೂ ಬತ್ತೀನಿ ಅಂತ ಹೇಳು ಅವ್ನಿಗೆ."

"ಅಕ್ಕಾ, ಬೇಡ."

"ಇನ್ನೆಷ್ಟು ದಿನ ನೀರಿಗೆ ಬೆನ್ನು ಹಾಕ್ಕೊಂಡು ಕೂರ್ಲಿ? ಹೇಳು."

ಎರ್ಕಿ ಮೂರು ಜಾಕೆಟ್ ತಂದ. ಮೊದಲು ತನ್ನದನ್ನು ಹಾಕಿ ಬಿಗಿದುಕೊಂಡ. ಮೂರರಲ್ಲಿ ಹೊಸದು ಅವನದೇ. ಅಕ್ಕ ನನ್ನ ಕಿವಿಯಲ್ಲಿ, "ಮನೆಗೆ ಬಂದೋರಿಗೆ ಹಳೇದು ಕೊಟ್ಟು ತಾನು ಹೊಸದು ಹಾಕ್ಕೊಂಡ ನೋಡು, ಏನ್ ಜನವೋ" ಎಂದಳು. ನಾನು ಅವನನ್ನು ನಯವಾಗಿ ಕೇಳಿಯೇಬಿಟ್ಟೆ. ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ನೀರಿಗೆ ಬಿದ್ದರೆ ನಿಮ್ಮನ್ನು ಎತ್ತಬೇಕಾದವನು ನಾನು, ನಾನೇ ಮುಳುಗಿದರೆ ನಿಮಗೇನು ಪ್ರಯೋಜನ ಎಂದ. ನಾನು ಅದನ್ನು ಅಕ್ಕನಿಗೆ ಹೇಳಿದೆ. ಅವಳು ತನ್ನ ಪಾಲಿನ ಜಾಕೆಟ್ ಕೈಗೆತ್ತಿಕೊಂಡಳು.

ಜಾಕೆಟ್ಟಿನಲ್ಲಿ ಕಾಲುಗಳ ನಡುವಿಂದ ತಂದು ಬಿಗಿಯುವ ಒಂದು ಪಟ್ಟಿಯೂ ಇತ್ತು. ಸೀರೆ ಉಟ್ಟವಳಿಗೆ ಅದನ್ನು ಹಾಕುವುದು ಹೇಗೆ? ಅಕ್ಕ ಆಗುವುದಿಲ್ಲ ಎಂದಳು. ಎರ್ಕಿ ದೋಣಿಯ ಹಗ್ಗ ಬಿಚ್ಚುವುದಿಲ್ಲ ಎಂದ. ಪಟ್ಟಿಯಿಲ್ಲದಿದ್ದರೆ ಜಾಕೆಟ್ ತೇಲುತ್ತದೆ, ಹೆಂಗಸು ಕೆಳಗಿಂದ ಜಾರಿಹೋಗುತ್ತಾಳೆ ಎಂದು ಕೈಯಲ್ಲಿ ಅಭಿನಯಿಸಿ ತೋರಿಸಿದ. ಮುದುಕ ಮತ್ತು ಮುದುಕಿ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನಿಂತರು. ಕೊನೆಗೆ ಅಕ್ಕ ಒಳಗೆ ಹೋಗಿ, ಎರ್ಕಿಯ ಹೆಂಡತಿಯ ಹಳೆಯ ಉಣ್ಣೆಯ ಪ್ಯಾಂಟು ತೊಟ್ಟುಕೊಂಡು, ಮೇಲೆ ಶಾಲು ಹೊದ್ದು ಬಂದಳು. ಅರವತ್ತು ದಾಟಿದ ನಮ್ಮಕ್ಕ ಪ್ಯಾಂಟಿನಲ್ಲಿ! "ಊರಲ್ಲಿ ಬಾಯಿ ಬಿಟ್ಟೀಯ, ಜೋಕೆ" ಎಂದಳು. ಎರ್ಕಿ ಅವಳ ಪಟ್ಟಿಗಳನ್ನೆಲ್ಲ ಎಳೆದು ನೋಡಿದ. ಭುಜದ ಬಳಿ ಜಾಕೆಟ್ಟನ್ನು ಹಿಡಿದು ಮೇಲಕ್ಕೆ ಎತ್ತಿದ. ಅದು ಕಿವಿಯವರೆಗೆ ಬಾರದೆ ನಿಂತ ಮೇಲೆಯೇ ಹಗ್ಗ ಬಿಚ್ಚಿದ್ದು. ನಮ್ಮ ಹಿನ್ನೀರಿನಲ್ಲಿ ಜನ ಒಂದು ಬಕಲ್ ಸಿಕ್ಕಿಸಿ ಫೋಟೊ ತೆಗೆಸಿಕೊಂಡು, ಸೆಕೆ ಎಂದು ಅದನ್ನೂ ಬಿಚ್ಚಿ ಕೂರುತ್ತಾರೆ.

ದೋಣಿಯ ನಡುವೆ ಅಕ್ಕ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಕಪ್ಪು ನೀರು. ಹುಟ್ಟಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವಳ ಬಾಯಿ ಪಂಚಾಕ್ಷರಿ ಜಪಿಸುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ವಾಪಸು ಬರುವಾಗ ಮಳೆ ಹನಿಯತೊಡಗಿತು.

ಸೌನಾ

ಆ ದೇಶದಲ್ಲಿ ಪ್ರತಿ ಮನೆಗೂ ಒಂದು ಬಿಸಿ ಕೋಣೆ ಇರುತ್ತದೆ. ಸೌನಾ ಅನ್ನುತ್ತಾರೆ. ಒಲೆಯ ಮೇಲೆ ಕಲ್ಲು ಪೇರಿಸಿ, ಕಾಯಿಸಿ, ಅದರ ಮೇಲೆ ನೀರು ಚೆಲ್ಲಿ ಆ ಹಬೆಯಲ್ಲಿ ಬರಿಮೈಯಲ್ಲಿ ಕೂರುತ್ತಾರೆ. ಮರ್ಯಾದಸ್ಥರಾದ ನಾವು ಬರಿಮೈಗೆ ಒಪ್ಪಲಿಲ್ಲ. ಎರ್ಕಿ ತನಗೆಂದು ಒಲೆ ಹೊತ್ತಿಸಿ ಸೌದೆ ತರಲು ಹೋದ. ನಾನು ಹೊರಗಿನ ಬೆಂಚಿನಲ್ಲಿ ಅಣಬೆಯ ಮಣ್ಣು ಬಿಡಿಸುತ್ತಿದ್ದೆ.

ಅವನು ಸೌದೆ ಹೊತ್ತು ಒಳಗೆ ಹೋದವನು ಏನೋ ಕೂಗಿದ. ಇಷ್ಟು ದಿನದಲ್ಲಿ ಆ ಊರಿನವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಓಡಿದೆ. ಅಕ್ಕ ಒದ್ದೆ ಜಾಕೆಟ್ ಮೂರನ್ನೂ ಒಲೆಯ ಮೇಲಿನ ಅಡ್ಡಗೋಲಿಗೆ ಅಂದವಾಗಿ ಹರವಿದ್ದಳು. ಎರ್ಕಿ ಅವುಗಳನ್ನು ಎಳೆದೆಳೆದು ತೆಗೆಯುತ್ತಿದ್ದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯ ಒಲೆಯ ಮೇಲೆ ಬಿದಿರಿನ ಅಟ್ಟ ಇರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೂಷ್ಟು ಹಿಡಿಯುವಂಥದ್ದೆಲ್ಲ, ಮೊರ, ಬುಟ್ಟಿ, ಗೋಣಿಚೀಲ, ಕಂಬಳಿ, ಬಿತ್ತನೆ ಬೀಜ, ಆ ಅಟ್ಟಕ್ಕೆ ಏರುತ್ತದೆ. ಹೊಗೆ ಮತ್ತು ಬಿಸಿ ತಾಗಿದ್ದು ಕೆಡುವುದಿಲ್ಲ ಎಂಬುದು ಅಜ್ಜಿಯರ ಕಾಲದಿಂದ ಬಂದ ವಿದ್ಯೆ. ಅಕ್ಕ ಅದರಲ್ಲಿ ಎತ್ತಿದ ಕೈ. ಭಾವ ತಂದ ಜಾಕೆಟ್‌ಗಳಿಗೆ ಮೊದಲ ಮಳೆಗಾಲದಲ್ಲಿ ಬೂಷ್ಟು ಬಂದಾಗ ಅವನ್ನು ತೊಳೆದು ಅಟ್ಟಕ್ಕೆ ಹಾಕಿದವಳು ಅವಳೇ. ಆಮೇಲೆ ಪ್ರತಿ ಮಳೆಗಾಲವೂ ಹಾಗೆಯೇ.

ಎರ್ಕಿ ಉಸಿರು ತಂದುಕೊಂಡು ನನ್ನ ಕಡೆ ತಿರುಗಿ ತುಂಡು ತುಂಡಾಗಿ ಹೇಳಿದ. ಬಿಸಿ ಬೇಡ. ಯಾವತ್ತೂ ಬೇಡ. ಬಿಸಿ ತಾಗಿದರೆ ಒಳಗಿನ ಫೋಮು ಸಾಯುತ್ತದೆ. ಹೊರಗಿನ ಬಟ್ಟೆ ಹಾಗೇ ಇರುತ್ತದೆ, ನೋಡಿದವರಿಗೆ ಗೊತ್ತಾಗುವುದಿಲ್ಲ. ನೀರಿಗೆ ಬಿದ್ದಾಗ ಎತ್ತುವುದಿಲ್ಲ.

ನಾನು ಜಾಕೆಟ್‌ಗಳನ್ನು ಅವನ ಕೈಯಿಂದ ತೆಗೆದುಕೊಂಡೆ.

"ಏನಂದ್ನೋ?" ಅಕ್ಕ ಕೇಳಿದಳು. ತಪ್ಪು ಮಾಡಿದೆನೇನೋ ಎಂಬ ಅಳುಕು ಮುಖದಲ್ಲಿ.

"ಬೆಂಕಿ ಹತ್ಕೊಂಡ್ರೆ ಅಂತ ಹೆದರ್ಕೊಂಡ ಅಷ್ಟೆ."

ಅಕ್ಕ ನಕ್ಕಳು. "ಹೊಗೆ ಮೇಲೆ ಹಾಕಿದ್ದಕ್ಕೆ ಎಲ್ಲಾದ್ರೂ ಬೆಂಕಿ ಹತ್ತದಾ? ನಮ್ಮನೇಲಿ ಏಸು ವರ್ಷದಿಂದ ಹಾಕ್ತಿದೀನಿ. ಒಂದಕ್ಕಾದ್ರೂ ಒಂದು ಚುಕ್ಕಿ ಬೂಷ್ಟು ಬಂದಿಲ್ಲ. ಹೇಳು ಅವ್ನಿಗೆ."

ನಾನು ಎರ್ಕಿಗೆ ಥ್ಯಾಂಕ್ಯೂ ಎಂದೆ.

ಮನೆಯ ಕೆಳಗಿನ ಬೆಂಚು

ಮರುದಿನ ಅಕ್ಕ ಪೂಜೆಗೆ ಕೂತಾಗ ನಾನು ಸೌಮ್ಯಳ ಮನೆಯ ಕೆಳಗಿನ ಬೆಂಚಿಗೆ ಇಳಿದು ಊರಿಗೆ ಫೋನು ಹಚ್ಚಿದೆ. ಅಕ್ಕನ ಮಗ ಮಂಜು ಬಹಳ ಉತ್ಸಾಹದಲ್ಲಿದ್ದ. ಅಪ್ಪ ಹೋದ ಮೇಲೆ ದೋಣಿಯನ್ನು ಶೆಡ್ಡಿನಲ್ಲಿ ಕವುಚಿ ಹಾಕಿದ್ದವನು ಈ ಸಲ ಆಯುಧಪೂಜೆಯ ದಿನ ಮತ್ತೆ ನೀರಿಗೆ ಇಳಿಸಲು ಹೊರಟಿದ್ದ.

"ಬೋಟಿಗೆ ಬಣ್ಣ ಹೊಡ್ಸಿದೀನಿ ಮಾವ. ರಜೆಗೆ ರೂಮೆಲ್ಲ ಫುಲ್ಲು. ಜಾಕೆಟ್ಟೂ ರೆಡಿ, ಅವ್ವ ಹೇಳ್ದಂಗೆ ಅಟ್ಟದ ಮೇಲೇ ಅವೆ."

ಎಲ್ಲಿಂದ ಶುರು ಮಾಡುವುದು? ಬಳಸಬೇಡ ಎಂದೆ. ಯಾಕೆ ಎಂದ. ಹಳೆಯದಾಯಿತು ಎಂದೆ. ಅರ್ಧ ಹೊಸವು ಮಾವ, ಅಪ್ಪ ತೀರಿಕೊಂಡ ವರ್ಷ ತಂದವು ಎಂದ. ಆ ಹೊಸವೂ ಆಮೇಲೆ ಎರಡು ಮಳೆಗಾಲ ಒಲೆಯ ಮೇಲೆ ಕಳೆದಿವೆ. ಸುತ್ತಿ ಬಳಸಿ ಪ್ರಯೋಜನವಿರಲಿಲ್ಲ. ಎರ್ಕಿ ಹೇಳಿದ್ದನ್ನು ಹೇಳಿದೆ. ಒಂದೊಂದಕ್ಕೂ ಭಾರದ ಕಲ್ಲು ಕಟ್ಟಿ ದಡದಲ್ಲೇ ನೀರಿಗೆ ಬಿಟ್ಟು ನೋಡು, ಎತ್ತುವುದೆಷ್ಟು ಎಂದು ನಿನಗೇ ತಿಳಿಯುತ್ತದೆ ಎಂದೆ. ಅವನು ಆಯಿತು ಎಂದು ಇಟ್ಟ.

ನಾನು ಆ ಬೆಂಚಿನಲ್ಲೇ ಚಳಿಯಲ್ಲಿ ಕೂತೆ. ತಿರುಗಿ ಫೋನು ಬಂತು. ಮಂಜುವಿನ ದನಿ ಇಳಿದಿತ್ತು.

"ಒಂದೆರಡು ತೇಲಿದ್ವು ಮಾವ. ಮಿಕ್ಕಿದ್ದೆಲ್ಲ ಕಲ್ಲಿನ ಜೊತೆ ಸೀದಾ ಕೆಳಗೆ." ಆಮೇಲೆ, "ಅಪ್ಪ ಹಾಕಿದ್ದೂ ಅಟ್ಟದ್ದೇ ಅಲ್ವಾ?" ಎಂದ.

"ಹೂಂ ಕಣಪ್ಪ."

ಅವನು ಅಳುವುದು ಕೇಳಿಸಿತು. "ಅವ್ವಂಗೆ ಹೇಳ್ಬೇಡಿ ಮಾವ. ಸತ್ತೇ ಹೋಯ್ತಾಳೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವನು ಹೊಸದು ತರುತ್ತಾನೆ, ಹಳೆಯದನ್ನು ಹೂಳುತ್ತಾನೆ, ಅಕ್ಕನ ನೆಮ್ಮದಿ ಅಕ್ಕನಿಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಆದರೆ ಮಂಜು ಫೋನಿಡುವ ಮೊದಲು ಇನ್ನೊಂದು ಮಾತು ತೆಗೆದ. "ನಮ್ದು ಸರಿ ಮಾವ. ಗೌರಮ್ಮತ್ತೆ ಮನೇವು?"

ಗೌರಮ್ಮ ಪಕ್ಕದ ಹೋಮ್‌ಸ್ಟೇಯವಳು. ಅವರಿಗೂ ಒಂದು ದೋಣಿ ಇದೆ. ಜಾಕೆಟ್ ಹೇಗೆ ಕಾಪಾಡಬೇಕು ಎಂದು ಅವಳಿಗೆ ಹೇಳಿಕೊಟ್ಟವಳು ಅಕ್ಕನೇ. ಅವಳಿಗೆ ಹೇಳಿದರೆ ಸಂಜೆಯೊಳಗೆ ಊರಿಗೆ, ಊರಿಂದ ಅಕ್ಕನಿಗೆ. ಹೇಳದಿದ್ದರೆ ರಜೆಯಲ್ಲಿ ಆ ದೋಣಿ ಹತ್ತುವವರ ಗತಿ ಏನು? ನಾವು ಬರುವವರೆಗೆ ಏನಾದರೂ ನೆವ ಹೇಳಿ ಅವರ ದೋಣಿ ನಿಲ್ಲಿಸು ಎಂದೆ. ಆ ನೆವ ಎಷ್ಟು ದಿನ ನಿಲ್ಲುತ್ತದೋ ನನಗೂ ಗೊತ್ತಿರಲಿಲ್ಲ.

ದೋಣಿ ಮೇಲೆತ್ತಿದ ದಿನ

ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟುವ ಮೊದಲು ದೋಣಿಗಳನ್ನು ದಡಕ್ಕೆ ಎಳೆದು ಕವುಚುವುದು ಅಲ್ಲಿನ ರೂಢಿ. ಎರ್ಕಿಗೆ ಕೈ ಕೊಡಲು ನಾವು ಮತ್ತೆ ಹೋದೆವು. ಅಕ್ಕ ಹಿಂದಿನ ದಿನ ಸೌಮ್ಯಳ ಮನೆಯಲ್ಲಿ ಕಡುಬು ಬೇಯಿಸಿ ಅವನಿಗೂ ಕಟ್ಟಿಕೊಂಡಿದ್ದಳು. ಎರ್ಕಿ ಒಂದನ್ನು ಕಚ್ಚಿ, ತಿರುಗಿಸಿ ನೋಡಿ, ಅದಕ್ಕೆ ಜಾಮು ಹಚ್ಚಿಕೊಂಡು ತಿಂದ. ನಾನು ಕಣ್ಣು ಮುಚ್ಚಿಕೊಂಡೆ.

ದೋಣಿ ಎಳೆದು ದಣಿದು ಶೆಡ್ಡಿನ ಮುಂದೆ ಕೂತೆವು. ಅಕ್ಕನ ಕೆಳಗಿದ್ದದ್ದು ಮೆತ್ತೆಯಂಥ ಏನೋ ಒಂದು. ಅವಳು ಅದನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಪಟ್ಟಿಗಳನ್ನೆಲ್ಲ ಕತ್ತರಿಸಿ ಹಾಕಿದ್ದ ಒಂದು ಹಳೆಯ ಜಾಕೆಟ್. ಅವಳ ಬೆರಳು ಅದನ್ನು ಒತ್ತಿತು. ಮತ್ತೆ ಒತ್ತಿತು. ಒಳಗಿದ್ದದ್ದು ಕುಸಿದು ಎದ್ದು ಬರಲಿಲ್ಲ. ಸುಟ್ಟ ಹಪ್ಪಳದ ಹಾಗೆ ಮುರುಟಿ ಗರಗರ ಎಂದಿತು. ಅಟ್ಟದಿಂದ ಮಳೆಗಾಲಕ್ಕೆ ಎಷ್ಟೋ ಸಲ ಇಳಿಸಿ ಹತ್ತಿಸಿದ ಕೈ ಅದು. ಅದಕ್ಕೆ ಗುರುತು ಸಿಕ್ಕಿತು.

"ಇದ್ಯಾಕೆ ಕತ್ತರಿಸಿದ್ದಾನೆ ಇವ್ನು?"

"ಹಳೇದು ಅಕ್ಕ, ಯಾರೂ ಹಾಕ್ಕೊಬಾರ್ದು ಅಂತ."

"ಹಳೇದಾದ್ರೆ ಹಿಂಗಾಗಲ್ಲ. ನಮ್ಮ ಅಟ್ಟದ್ದೂ ಹಿಂಗೇ ಗರಗರ ಅನ್ನೋವು. ಒಣಗಿ ಗಟ್ಟಿಯಾಗ್ಯದೆ, ಒಳ್ಳೇದಾಯ್ತು ಅನ್ಕೊಂಡಿದ್ದೆ ನಾನು." ಅವಳು ನನ್ನ ಮುಖವನ್ನೇ ನೋಡಿದಳು. "ಅವತ್ತು ಬಿಸಿ ಕೋಣೇಲಿ ಏನಂದ ಅವ್ನು? ಸತ್ಯ ಹೇಳು."

ನನಗೆ ಸುಳ್ಳು ಹುಟ್ಟಲಿಲ್ಲ. ಹೇಳಿದೆ. ಮಂಜು ಕಲ್ಲು ಕಟ್ಟಿ ನೋಡಿದ್ದನ್ನೂ ಹೇಳಿದೆ.

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಜಾಕೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡು ಕೆರೆಯ ಕಡೆ ನೋಡುತ್ತ ಕೂತಳು. ಆಮೇಲೆ ಕೇಳಿದಳು.

"ಹೊಸದು ಹಾಕ್ಕೊಂಡಿದ್ರೆ ಉಳೀತಿದ್ರಾ ನಿಮ್ಮ ಭಾವ?"

"ಅದು ಯಾರಿಗೆ ಗೊತ್ತಕ್ಕ."

"ನಿಂಗೆ ಗೊತ್ತದೆ" ಎಂದಳು.

ಎರ್ಕಿ ಕಾಫಿ ತಂದವನು ನಮ್ಮಿಬ್ಬರ ಮುಖ ನೋಡಿ ಏನೂ ಕೇಳದೆ ಪಕ್ಕದಲ್ಲಿ ಕೂತ. ಆ ಜನ ಮಾತಾಡುವುದಿಲ್ಲ ಎಂದು ಗೇಲಿ ಮಾಡಿದ್ದ ನನಗೆ ಅವತ್ತು ಅವನ ಮೌನ ದೊಡ್ಡ ಉಪಕಾರ ಅನಿಸಿತು. ನಮ್ಮೂರಿನವರಾಗಿದ್ದರೆ ಸಮಾಧಾನ ಹೇಳಿಯೇ ಅವಳನ್ನು ಕೊಂದುಬಿಡುತ್ತಿದ್ದರು.

ವಿಮಾನ

ಉಳಿದ ದಿನಗಳನ್ನು ಹೇಗೆ ಕಳೆದೆವೋ ನನಗೆ ಸರಿಯಾಗಿ ನೆನಪಿಲ್ಲ. ಸೌಮ್ಯಳಿಗೆ ಅಕ್ಕನೇ ಹೇಳಿದಳು. ತಾಯಿ ಮಗಳು ಬಾಗಿಲು ಹಾಕಿಕೊಂಡಿದ್ದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಹೊರಡುವಾಗ ಅಕ್ಕ ಎರ್ಕಿಯ ಹೆಂಡತಿಯನ್ನು ನೋಡಬೇಕೆಂದಳು. ಆಶ್ರಮದಲ್ಲಿ ಆಕೆಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಕೆ ಅಕ್ಕನ ಹಣೆಯ ವಿಭೂತಿಯನ್ನೇ ನೋಡುತ್ತಿದ್ದಳು. "ಇವ್ಳು ಪುಣ್ಯವಂತೆ, ಎಲ್ಲಾ ಮರ್ತು ಕೂತವ್ಳೆ" ಎಂದಳು ಅಕ್ಕ ಹೊರಗೆ ಬಂದು.

ವಿಮಾನದಲ್ಲಿ ನಾನು ಅವಳಿಗೆ ಬುದ್ಧಿ ಹೇಳಿದೆ. ಊರಲ್ಲಿ ಜಾಕೆಟ್ ವಿಷಯ ಹೇಳುವುದನ್ನು ನನಗೆ ಬಿಡು. ಅಲ್ಲಿ ಓದಿಕೊಂಡು ಬಂದೆ, ಹೊಸ ಕಾನೂನು ಬಂದಿದೆ ಎಂದು ಏನೋ ಒಂದು ಹೇಳಿ ಎಲ್ಲರ ಅಟ್ಟ ಇಳಿಸುತ್ತೇನೆ. ನಿನ್ನ ಹೆಸರು ಯಾಕೆ?

"ನೀನು ಹೇಳಿದ್ರೆ ಯಾರು ಕೇಳ್ತಾರೆ? ರೈಟರಪ್ಪ ಫಾರಿನ್ನಿಗೆ ಹೋಗಿ ಬಂದು ಉಪದೇಶ ಮಾಡ್ತಾನೆ ಅಂತಾರೆ."

"ಜನ ಆಡ್ಕೊತಾರೆ ಅಕ್ಕ. ಗಂಡನ್ನ ಹೆಂಡ್ತಿನೇ..."

"ಆಡ್ಕೊಳ್ಳಲಿ" ಎಂದು ಅವಳು ಕಂಬಳಿ ಹೊದ್ದುಕೊಂಡಳು. ನಿದ್ದೆ ಮಾಡಲಿಲ್ಲ ಎಂದು ನನಗೆ ಗೊತ್ತು. ನನಗೂ ಅವಳ ಮೇಲೆ ಸಿಟ್ಟು, ಎರ್ಕಿಯ ಮೇಲೆ ಸಿಟ್ಟು, ಆ ದೇಶಕ್ಕೆ ಕರೆದುಕೊಂಡು ಹೋದ ನನ್ನ ಮೇಲೂ ಸಿಟ್ಟು. ಗೊತ್ತಿಲ್ಲದೆ ಇದ್ದಿದ್ದರೆ ಅವಳು ಹಾಗೇ ಶಿವನ ಹೆಸರು ಹೇಳಿಕೊಂಡು ಮುದುಕಿಯಾಗುತ್ತಿದ್ದಳು.

ಹಾರಂಗಿ ಹಿನ್ನೀರು

ಊರಿಗೆ ಬಂದ ಮರುದಿನವೇ ಹೆಂಗಸರು ನೋಡಲು ಬಂದರು. ಅಂಗಳದಲ್ಲಿ ಚಾಪೆ ಹಾಸಿ ಕೂತರು. ಅಲ್ಲಿ ಚಳಿ ಹೇಗಿತ್ತು, ಸೌಮ್ಯ ದಪ್ಪ ಆಗಿದ್ದಾಳಾ, ಅನ್ನ ಸಿಕ್ಕಿತಾ. ಗೌರಮ್ಮ ಎಲ್ಲರಿಗಿಂತ ಮುಂದೆ ಕೂತಿದ್ದಳು. ಮಂಜು ಏನೇನೋ ನೆವ ಹೇಳಿ ಅವರ ದೋಣಿಯನ್ನು ಇಷ್ಟು ದಿನ ನಿಲ್ಲಿಸಿದ್ದ. ಅಂದು ಬೆಳಿಗ್ಗೆ ಅವಳ ಗಂಡ ಅವನ ಮಾತು ಕೇಳದೆ ರೂಮಿನವರಿಗೆ ಸಂಜೆ ಬೋಟು ಎಂದು ಒಪ್ಪಿಕೊಂಡಿದ್ದ.

ಅಕ್ಕ ಎಲ್ಲರಿಗೂ ಕಾಫಿ ಕೊಟ್ಟಳು. ಕೊಟ್ಟು ಮುಗಿಸಿ, ಮುಂಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಹೆಚ್ಚು ಕಡಿಮೆ ಮಾಡದೆ ಹೇಳಿದಳು. ಬೂಷ್ಟು ಹೋಗಲೆಂದು ಅಟ್ಟಕ್ಕೆ ಹಾಕಿದ್ದು, ಒಲೆಯ ಬಿಸಿ ಒಳಗಿನದನ್ನು ತಿಂದದ್ದು, ಹೊರಗೆ ಕಾಣದೆ ಇದ್ದದ್ದು. ಯಾರೂ ಲೋಟ ಎತ್ತಲಿಲ್ಲ. ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ, ಮಂಜು ನೆಲ ನೋಡುತ್ತಿದ್ದ.

ಗೌರಮ್ಮ ಒಳ್ಳೆಯವಳು. ಅವಳ ಕಣ್ಣು ತುಂಬಿತು. "ಬಿಡಕ್ಕಾ, ನೀವ್ಯಾಕೆ ಹಂಗನ್ಕೊಳ್ತೀರಿ. ಅವರ ಆಯಸ್ಸು ಅಷ್ಟೇ ಇತ್ತು."

"ಆಯಸ್ಸಲ್ಲ ಗೌರಿ" ಎಂದಳು ಅಕ್ಕ. "ಒಣಗಿಸಿದ್ದು ನಾನು. ನಿಂಗೆ ಹೇಳ್ಕೊಟ್ಟಿದ್ದೂ ನಾನೇ. ಸಂಜೆ ನಿನ್ನ ಗಂಡ ಯಾವ ಜಾಕೆಟ್ ಹಾಕ್ಕೊತಾನೆ?"

ಗೌರಮ್ಮ ಲೋಟ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ತೋಟದ ಬೇಲಿ ದಾಟಿ ಅವಳ ಮನೆಯ ಕಡೆ ಓಡಿದಳು. ಅವಳು ಕಾಣದಾಗುವವರೆಗೂ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ನೆಲದ ಮೇಲೆ ಕುಸಿದು ಕೂತು, ಭಾವ ಹೋದ ದಿನವೂ ಅಳದ ಹಾಗೆ ಅತ್ತಳು.